ಸಪ್ತಾಪುರದ ಡಿಟಿಪಿ ಅಂಗಡಿ: ಪೇಜ್ ಸೆಟ್ಟಿಂಗ್‌ಗೆ ಹೋಗಿ ಪ್ರಶ್ನಾವಳಿ ತಿದ್ದಿಸಿಕೊಂಡು ಬಂದೆ

ಧಾರವಾಡದ ಸಪ್ತಾಪುರದಲ್ಲಿ ಜೆರಾಕ್ಸ್ ಅಂಗಡಿಗೇನು ಬರ? ಪರೀಕ್ಷೆಗೆ ಓದುವ ಹುಡುಗರು ಇರುವ ಕಡೆ ಅವು ಇದ್ದೇ ಇರುತ್ತವೆ. ನಾನು ಹೇಳುತ್ತಿರುವ ಅಂಗಡಿಯ ಬೋರ್ಡಿನಲ್ಲಿ ಹೆಸರಿನ ಬಣ್ಣ ಹೋಗಿ ಎಷ್ಟು ವರ್ಷವಾಯಿತೋ. ‘ಡಿಟಿಪಿ, ಜೆರಾಕ್ಸ್, ಸ್ಪೈರಲ್’ ಅಂತ ಮಾತ್ರ ಓದಲು ಬರುತ್ತದೆ. ಒಂದು ಕಂಪ್ಯೂಟರ್, ಎರಡು ಜೆರಾಕ್ಸ್ ಮಷೀನ್, ಒಬ್ಬರು ಅಣ್ಣ, ಕೈಕೆಳಗೆ ಒಬ್ಬ ಹುಡುಗ.

ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಜೊತೆಗೆ ಪಿಎಚ್‌ಡಿ. ಮುಂಡರಗಿ ತಾಲ್ಲೂಕಿನ ಹಳ್ಳಿಗಳಲ್ಲಿ ಬಿ.ಪಿ. ಇರುವವರು ಉಪಕೇಂದ್ರದಿಂದ ಗುಳಿಗೆ ತಗೊಂಡು, ಎರಡು ಮೂರು ತಿಂಗಳಾದ ಮೇಲೆ ಯಾಕೆ ಬಿಡುತ್ತಾರೆ ಅನ್ನುವುದು ವಿಷಯ. ಸರ್ಕಾರದ ಲೆಕ್ಕದಲ್ಲಿ ಬಯಲು ಸೀಮೆಯ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಗುಳಿಗೆ ಪುಕ್ಕಟೆ. ಆದರೂ ಬಿಡುತ್ತಾರೆ. ಬಿ.ಪಿ. ಜಾಸ್ತಿ ಇದ್ದರೂ ಬಹಳ ಜನಕ್ಕೆ ಏನೂ ಅನಿಸುವುದಿಲ್ಲ. ಮೈ ಆರಾಮ ಇದ್ದಾಗ ದಿನಾ ಗುಳಿಗೆ ಯಾಕೆ ನುಂಗಬೇಕು, ಅಲ್ವಾ?

ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯವರು ಪ್ರಶ್ನಾವಳಿ, ಸಮ್ಮತಿ ಪತ್ರ ಎರಡೂ ಕನ್ನಡದಲ್ಲಿ ಬೇಕು ಅಂದರು. ನ್ಯಾಯವೇ. ಜನಕ್ಕೆ ತಿಳಿಯುವ ಭಾಷೆಯಲ್ಲೇ ಒಪ್ಪಿಗೆ ಕೇಳಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲೂ ಇದೆ. ಒಂದು ಆನ್‌ಲೈನ್ ಅನುವಾದ ಸೇವೆಗೆ ಕೊಟ್ಟೆ. ಪದಕ್ಕೆ 2 ರೂಪಾಯಿಯಂತೆ 3,800 ರೂಪಾಯಿ ಆಯಿತು. ಎರಡೇ ದಿನಕ್ಕೆ ಬಂತು. ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಈ ಅಂಗಡಿಗೆ ಹೋದದ್ದು ಸುಮ್ನೆ ಪೇಜ್ ಸೆಟ್ಟಿಂಗ್ ಮಾಡಿಸಲು.

ಏಳನೇ ಪ್ರಶ್ನೆಗೆ ಬಂದಾಗ ಅಣ್ಣ ಮೌಸ್ ಬಿಟ್ಟರು. ಪ್ರಶ್ನೆ ಹೀಗಿತ್ತು: ‘ಕಳೆದ 30 ದಿನಗಳಲ್ಲಿ ಅಧಿಕ ರಕ್ತದೊತ್ತಡ ನಿಯಂತ್ರಣಾರ್ಥ ಸೂಚಿಸಲಾದ ಔಷಧ ಸೇವನೆಯಲ್ಲಿ ಎಷ್ಟು ದಿನ ವ್ಯತ್ಯಯ ಉಂಟಾಗಿದೆ?’

“ಮೇಡಂ, ಇದನ್ನ ಯಾರಿಗೆ ಕೇಳಾವ್ರು ನೀವು?”

“ಹಳ್ಳಿಯವರಿಗೆ.”

“ನಮ್ಮವ್ವಗ ಹತ್ತು ವರ್ಷದಿಂದ ಬಿ.ಪಿ. ಐತ್ರಿ. ತಡೀರಿ.”

ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಪ್ರಶ್ನೆಯನ್ನು ಇದ್ದ ಹಾಗೇ ಓದಿದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವ್ವ ಕೇಳಿದರು: “ಯಾವಾಗ ತೆಗೀತಾರಂತಪಾ ಕರೆಂಟು?”

ಪೇಪರಿನ ‘ವಿದ್ಯುತ್ ವ್ಯತ್ಯಯ’ ಬಿಟ್ಟರೆ ಆ ಪದ ಯಾರ ಮನೆಗೂ ಬಂದದ್ದಿಲ್ಲ. ನನ್ನ 3,800 ರೂಪಾಯಿ ಅಲ್ಲೇ ಕಣ್ಣ ಮುಂದೆ ಹೋಯಿತು.

ಆವತ್ತು ಎರಡು ತಾಸು ಕೂತೆವು. ಅಧಿಕ ರಕ್ತದೊತ್ತಡ ಹೋಗಿ ಬಿ.ಪಿ. ಆಯಿತು, ಔಷಧ ಹೋಗಿ ಗುಳಿಗಿ ಆಯಿತು. ಉಪಕೇಂದ್ರ ಅಂದರೆ ಅವ್ವನಿಗೆ ಗೊತ್ತಿಲ್ಲ, ‘ಸಿಸ್ಟರ್ ದವಾಖಾನಿ’ ಅಂದರೆ ಗೊತ್ತು. ತಂಟೆ ಆದದ್ದು 30 ದಿನದ್ದು. “ಮೂವತ್ತು ದಿನ ಯಾರ್ ಎಣಸ್ತಾರವಾ? ಅಮಾಸಿಯಿಂದ ಈಚಿಗೆ ಅಂತ ಕೇಳು” ಅಂದರು ಅವ್ವ. ನನಗೆ ಬಹಳ ಸೇರಿತು. ನನ್ನ ಗೈಡ್ ಸರ್‌ಗೆ ಸೇರಲಿಲ್ಲ. ಅಮಾವಾಸ್ಯೆ ಆದ ಮೂರನೇ ದಿನ ಒಬ್ಬರ ಮನೆಗೆ ಹೋದರೆ ಅವರ ಲೆಕ್ಕ ಮೂರೇ ದಿನದ್ದು, ಇಪ್ಪತ್ತೆಂಟನೇ ದಿನ ಹೋದರೆ ಇಪ್ಪತ್ತೆಂಟು ದಿನದ್ದು. ಹೋಲಿಸುವುದು ಹೇಗೆ? ಅದೂ ನಿಜವೇ. ಕೊನೆಗೆ ದಾರಿ ತೋರಿಸಿದ್ದು ಅಂಗಡಿ ಗೋಡೆಯ ಕ್ಯಾಲೆಂಡರ್. ಈಗ ತಿಥಿ, ಹುಣ್ಣಿಮೆ, ಅಮಾವಾಸ್ಯೆ ಇರುವ ಕ್ಯಾಲೆಂಡರ್ ಜೊತೆಗೆ ಒಯ್ಯುತ್ತೇವೆ. 30 ದಿನ ಹಿಂದಿನ ತಾರೀಖಿನ ಮೇಲೆ ಬೆರಳಿಟ್ಟು, “ಅಮಾಸಿ ಆಗಿ ನಾಕನೇ ದಿನ ನೋಡ್ರಿ, ಅಲ್ಲಿಂದ ಇವತ್ತಿನ ತನಕ ಬಿ.ಪಿ. ಗುಳಿಗಿ ಎಷ್ಟ್ ದಿನ ತಪ್ಪಿತ್ರಿ?” ಅಂತ ಕೇಳುತ್ತೇವೆ. ಮೂಲ ನೋಡಿರದ ಸಹೋದ್ಯೋಗಿಯೊಬ್ಬರ ಕೈಲಿ ಇದನ್ನು ವಾಪಸ್ ಇಂಗ್ಲಿಷಿಗೆ ಮಾಡಿಸಿದೆ. ಅರ್ಥ ಎಲ್ಲೂ ಜಾರಿರಲಿಲ್ಲ.

ಸಮ್ಮತಿ ಪತ್ರದಲ್ಲಿ ಸಹಿಗೆ ಒಂದು ಗೆರೆ ಮಾತ್ರ ಇತ್ತು. ಹೆಬ್ಬೆಟ್ಟಿಗೆ ಚೌಕ ಬೇಕು, ಪಕ್ಕದಲ್ಲಿ ಸಾಕ್ಷಿ ಸಹಿಗೂ ಜಾಗ ಬೇಕು ಅಂತ ಅಣ್ಣನೇ ಹಾಕಿದರು. ಸೊಸೈಟಿ ಫಾರಂ ಮಾಡಿ ಮಾಡಿ ರೂಢಿಯಂತೆ.

ಇಷ್ಟು ಹೊಗಳಿದ ಮೇಲೆ ಬೈಯುವುದೂ ಇದೆ. ಅಣ್ಣ ಹಳೇ ನುಡಿ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ. ನಾವು ಮಾಹಿತಿ ತುಂಬುವುದು ಟ್ಯಾಬಿನಲ್ಲಿ, ಕೋಬೊ ಟೂಲ್‌ಬಾಕ್ಸ್ ಅನ್ನುವ ಸಮೀಕ್ಷೆ ಸಾಫ್ಟ್‌ವೇರ್ ಮೇಲೆ. ಅಲ್ಲಿ ಯೂನಿಕೋಡ್, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ, ಬೇಕೇ ಬೇಕು. ‘ಕನ್ವರ್ಟ್ ಮಾಡೇನ್ರಿ’ ಅಂತ ಕೊಟ್ಟದ್ದನ್ನು ನಾನೂ ನೋಡದೆ 60 ಪ್ರತಿ ತೆಗೆಸಿಬಿಟ್ಟೆ. ಮನೆಗೆ ಬಂದು ನೋಡಿದರೆ ಅರ್ಕಾವತ್ತು ಎಲ್ಲಾ ಒಂದೊಂದು ಮನೆ ಆಚೆ ಹೋಗಿ ಕೂತಿವೆ. ‘ವರ್ಷ’ ಇದ್ದಲ್ಲಿ ‘ವಷರ್’, ‘ಆಶಾ ಕಾರ್ಯಕರ್ತೆ’ ಇದ್ದಲ್ಲಿ ‘ಆಶಾ ಕಾಯರ್ಕತೆರ್’. ಎರಡನೇ ಸಲ ಕಾಗದದ ರೊಕ್ಕ ಅಷ್ಟೇ ತಗೊಂಡರು, ಆದರೆ ನನ್ನ ಮೂರು ದಿನ ಹೋಯಿತು. ಮೊದಲೇ ‘ಯೂನಿಕೋಡಿನಲ್ಲೇ ಟೈಪ್ ಮಾಡಿ’ ಅಂತ ಹೇಳಿಬಿಡಿ. ಮುಖ ಸಿಂಡರಿಸುತ್ತಾರೆ, ಆದರೂ ಮಾಡುತ್ತಾರೆ.

ಮಧ್ಯಾಹ್ನ ಎರಡರಿಂದ ನಾಲ್ಕು ಶಟರ್ ಕೆಳಗೆ. ಹೇಳಿದ ದಿನಕ್ಕೆ ಒಂದು ದಿನ ಸೇರಿಸಿಕೊಂಡೇ ಹೋಗಿ. ರೇಟು ಕನ್ನಡ ಟೈಪಿಂಗ್‌ಗೆ ಪುಟಕ್ಕೆ 40, ಇಂಗ್ಲಿಷಿಗೆ 25. ಟೇಬಲ್ ಇದ್ದರೆ ಜಾಸ್ತಿ, ಎಷ್ಟು ಅನ್ನುವುದು ಅವರ ಮೂಡಿನ ಮೇಲೆ.

ಮೊದಲ ಅಧ್ಯಾಯವನ್ನೂ ಅಲ್ಲೇ ಸೆಟ್ ಮಾಡಿಸಿದೆ. ಆಗ ಅಣ್ಣ ಬಹಳ ದಿನದಿಂದ ತಡೆದುಕೊಂಡವರ ಹಾಗೆ ಕೇಳಿದರು. “ಮೇಡಂ, ಈ ಆಲ್ಮಾ ಆಟಾ ಯಾರ್ರಿ? ನಿಮ್ಮ ಲೈನಿನ ಎಲ್ಲಾರ ಥೀಸಿಸ್‌ನ್ಯಾಗೂ ಮೊದಲನೇ ಪೇಜಿಗೇ ಬರ್ತಾರಲ್ಲ?” ಅದು ಊರು, ಆಗಿನ ಸೋವಿಯತ್ ಒಕ್ಕೂಟದ ಕಝಾಕಿಸ್ತಾನದಲ್ಲಿತ್ತು, ಪ್ರಾಥಮಿಕ ಆರೋಗ್ಯದ ಘೋಷಣೆ 1978ರಲ್ಲಿ ಅಲ್ಲೇ ಆದದ್ದು ಅಂದೆ. “ಹೌದೇನ್ರಿ? ನಾ ಯಾರೋ ಲೇಡಿ ಡಾಕ್ಟರ್ ಅನ್ಕೊಂಡಿದ್ನಿ.”

ಹಾರ್ಡ್ ಬೈಂಡಿಂಗ್ ಇನ್ನೂ ಮಾಡಿಸಿಲ್ಲ, ಅದಕ್ಕೆ ಥೀಸಿಸ್ ಮುಗಿಯಬೇಕಲ್ಲ. ಫೋನ್‌ಪೇ ನಡೆಯುತ್ತದೆ. ಅಮಾವಾಸ್ಯೆ ದಿನ ಮಾತ್ರ ಹೋಗಬೇಡಿ, ಅಂಗಡಿ ಬಂದ್.