ಟೊಮೆಟೊಗೆ ದಿನವಿಡೀ ಬಿಸಿಲಾ, ಮಧ್ಯಾಹ್ನದ ನೆರಳಾ?

ಸೆಕೆ ಹದವಾಗಿರುವ ಕಡೆ ದಿನವಿಡೀ ಬಿಸಿಲು ಬೀಳುವ ಜಾಗವೇ ಮೇಲು. 6ರಿಂದ 8 ಗಂಟೆ ಬಿಸಿಲು ಸಿಕ್ಕರೆ ಹೂವು, ಕಾಯಿ ಎರಡೂ ಜಾಸ್ತಿ. ಎಲೆ ಬೇಗ ಒಣಗುವುದರಿಂದ ರೋಗವೂ ಕಡಿಮೆ.

ತಾಪಮಾನ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ಕಥೆಯೇ ಬೇರೆ. ಪರಾಗ ಕೆಡುತ್ತದೆ, ಹೂವು ಉದುರುತ್ತದೆ. ನೇರ ಬಿಸಿಲು ಬಿದ್ದ ಕಾಯಿಯ ಮೇಲೆ ಬಿಳಿಚಿದ ಕಲೆಯಾಗುತ್ತದೆ. ಕೆಂಪು ಬಣ್ಣವೂ ಸರಿಯಾಗಿ ಬರುವುದಿಲ್ಲ. ಅಲ್ಲಿ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇರುವ ಜಾಗ ಆರಿಸಿ.

ಎರಡೂ ಜಾಗ ಇದ್ದರೆ? ನನ್ನ ಓಟು ಬಿಸಿಲಿಗೇ. ಸೆಕೆ ಏರಿದಾಗ ಶೇಡ್ ನೆಟ್ (ನೆರಳು ಕೊಡುವ ಬಲೆ) ಕಟ್ಟಬಹುದು. ನೆರಳಿರುವ ಕಡೆಗೆ ಬಿಸಿಲು ತರಲಾಗುವುದಿಲ್ಲ ಅಲ್ವಾ? 30ರಿಂದ 40 ಪರ್ಸೆಂಟ್ ಬಿಸಿಲು ತಡೆಯುವ ನೆಟ್ ಸಾಕು.

ಪೂರ್ತಿ ನೆರಳಲ್ಲಿ ಗಿಡ ಸುಮ್ನೆ ಉದ್ದ ಬೆಳೆಯುತ್ತದೆ ಅಷ್ಟೆ. 5 ಗಂಟೆಯಷ್ಟೇ ಬಿಸಿಲಿದ್ದರೆ ಚೆರ್ರಿ ಟೊಮೆಟೊ ಹಾಕಿ.