ಧರ್ಮ ಅಧ್ಯಯನವೋ, ಸಮಾಜಶಾಸ್ತ್ರವೋ: ಎರಡನ್ನೂ ಓದಿ ನೋಡಿದ ಮೇಲೆ

ದಾವಣಗೆರೆಯಲ್ಲಿ ಬಿ.ಎ. ಮಾಡಿದವರಿಗೆ ಸಮಾಜಶಾಸ್ತ್ರ ಹೊಸದಲ್ಲ. ಇತಿಹಾಸ, ರಾಜ್ಯಶಾಸ್ತ್ರದ ಪಕ್ಕದಲ್ಲೇ ಸಿಗುವ ವಿಷಯ. ಧರ್ಮ ಅಧ್ಯಯನದ ಕಥೆ ಬೇರೆ. ಅದನ್ನು ಓದುತ್ತಿದ್ದೇನೆ ಅಂದರೆ ಜನ ಒಂದು ಸಲ ಮುಖ ನೋಡುತ್ತಾರೆ. ನಾನು ಲೆಕ್ಕ ಬರೆಯುವ ಬಟ್ಟೆ ಅಂಗಡಿಯ ಯಜಮಾನರು ಕೇಳಿದ್ದು ಇಷ್ಟೇ: "ಓದಿ ಯಾವ ಮಠಕ್ಕೆ ಹೋಗ್ತೀಯಪ್ಪಾ?"

ಯಾವ ಮಠಕ್ಕೂ ಅಲ್ಲ. ಜಾತ್ರೆ, ಹರಕೆ, ಮಠ ಎಲ್ಲವನ್ನೂ ನೋಡುತ್ತಲೇ ಬೆಳೆದವನಿಗೆ ಇದೆಲ್ಲ ಏಕೆ ಹೀಗೆ ನಡೆಯುತ್ತದೆ ಅನ್ನೋ ಕುತೂಹಲ, ಅಷ್ಟೇ. ಸಮಾಜಶಾಸ್ತ್ರಕ್ಕೆ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಎಂ.ಎ. ಹಿಡಿದೆ. ಅದರ ಜೊತೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಬಿಟ್ಟಿಯಾಗಿ ಬಿಟ್ಟಿರುವ ವಿಡಿಯೊ ಪಾಠಗಳನ್ನು ಎರಡೂ ವಿಷಯಕ್ಕೆ ನೋಡಿದೆ. ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಕಡಿಮೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಆಯಿತು.

ಮೊದಲು ಧರ್ಮ ಅಧ್ಯಯನ. ಯೇಲ್‌ನಲ್ಲಿ ಕ್ರಿಸ್ಟೀನ್ ಹೇಯ್ಸ್ ಅವರು ಹೀಬ್ರೂ ಬೈಬಲ್ ಬಗ್ಗೆ ಮಾಡಿದ 24 ಪಾಠಗಳಿವೆ. ನಂಬುವವರಿಗೂ ಅಲ್ಲ, ನಂಬದವರಿಗೂ ಅಲ್ಲ, ಓದುವವರಿಗೆ ಮಾಡಿದ ಪಾಠ. ಒಂದು ಉದಾಹರಣೆ ಕೊಡುತ್ತೇನೆ. ನೋಹನ ಪ್ರಳಯದ ಕಥೆ ಎಲ್ಲರಿಗೂ ಗೊತ್ತು, ಅಲ್ವಾ? ಕನ್ನಡ ಬೈಬಲ್ ತೆಗೆದು ಆದಿಕಾಂಡದ 6 ಮತ್ತು 7ನೇ ಅಧ್ಯಾಯ ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ಪ್ರತಿ ಜಾತಿಯ ಪ್ರಾಣಿ ಒಂದೊಂದು ಜೋಡಿ ಅಂತಿದೆ. ಇನ್ನೊಂದು ಕಡೆ ಶುದ್ಧ ಪ್ರಾಣಿಗಳಾದರೆ ಏಳೇಳು ಅಂತಿದೆ. ಮಳೆ 40 ದಿನ ಅನ್ನುತ್ತದೆ, ಸ್ವಲ್ಪ ಮುಂದೆ ಹೋದರೆ ನೀರು 150 ದಿನ ಏರಿಕೊಂಡೇ ಇತ್ತು ಅನ್ನುತ್ತದೆ. ಬೇರೆ ಬೇರೆ ಕಾಲದ ಎರಡು ಕಥೆಗಳನ್ನು ಒಂದಕ್ಕೊಂದು ಹೆಣೆದಿದ್ದಾರೆ ಅನ್ನೋದು ವಿದ್ವಾಂಸರ ವಾದ. ಸಂಪಾದನೆ ಮಾಡಿದವರು ಎರಡನ್ನೂ ಉಳಿಸಿಕೊಂಡಿದ್ದಾರೆ, ಯಾವುದನ್ನೂ ಎಸೆದಿಲ್ಲ.

ಇದನ್ನು ಕಲಿತ ಮೇಲೆ ಕಣ್ಣು ನಮ್ಮ ಪುಸ್ತಕಗಳ ಕಡೆ ಹೋಗದೆ ಇರುವುದಿಲ್ಲ. ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆ ಒಂದಲ್ಲ, ನಾಲ್ಕಿವೆ. 15ನೇ ಶತಮಾನದ ಶಿವಗಣಪ್ರಸಾದಿ ಮಹದೇವಯ್ಯನಿಂದ ಶುರುವಾಗಿ ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ನಾಲ್ವರು ಕಟ್ಟಿದ್ದಾರೆ. ಮೊದಲನೆಯದರಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಗುವುದಿಲ್ಲ. ಆಮೇಲೆ ಬಂದವರಿಗೆ ಅದು ಸರಿ ಕಾಣಲಿಲ್ಲ, ದೀಕ್ಷೆಯ ಪ್ರಸಂಗ ಸೇರಿತು. ಶರಣರ ಮಾತು ಕೇಳುತ್ತಲೇ ಬೆಳೆದ ಈ ಸೀಮೆಯವನಿಗೆ ಇದು ಸಣ್ಣ ವಿಷಯವಲ್ಲ. ಯಾರು ಸೇರಿಸಿದರು, ಏಕೆ ಸೇರಿಸಿದರು ಅಂತ ಕೇಳುವ ಧೈರ್ಯ ಬಂದದ್ದು ಎಲ್ಲೋ ದೂರದ ಬೈಬಲ್ ಪಾಠದಿಂದ!

ಹಾರ್ವರ್ಡ್‌ನವರು ಎಡ್‌ಎಕ್ಸ್‌ನಲ್ಲಿ ಹಿಂದೂ, ಬೌದ್ಧ, ಇಸ್ಲಾಂ, ಕ್ರೈಸ್ತ, ಯೆಹೂದಿ ಅಂತ ಒಂದೊಂದು ಧರ್ಮಕ್ಕೆ ಒಂದೊಂದು ಚಿಕ್ಕ ಕೋರ್ಸ್ ಇಟ್ಟಿದ್ದಾರೆ. ಅವನ್ನೂ ನೋಡಿದೆ. ಸುಲಭ, ಚೆನ್ನಾಗಿವೆ. ರುಚಿ ಹತ್ತುವಷ್ಟರಲ್ಲಿ ಮುಗಿದು ಹೋಗುತ್ತವೆ.

ಇನ್ನು ಸಮಾಜಶಾಸ್ತ್ರ. ಯೇಲ್‌ನಲ್ಲಿ ಇವಾನ್ ಸೆಲೆನ್ಯಿ ಅವರ 25 ಪಾಠಗಳು ಸಮಾಜ ಚಿಂತಕರ ಸಾಲು ಹಿಡಿದು ಹಾಬ್ಸ್‌ನಿಂದ ಶುರುವಾಗಿ ಮಾರ್ಕ್ಸ್, ವೇಬರ್ ದಾಟಿ ದುರ್ಖೈಮ್‌ಗೆ ಬಂದು ನಿಲ್ಲುತ್ತವೆ. ಇವರ ಉಚ್ಚಾರಣೆ ಹಿಡಿಯಲು ಕೆಳಗೆ ಬರುವ ಅಕ್ಷರ ಓದಲೇಬೇಕು. ಆದರೆ ಹಂಗೇರಿಯ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಬಂಧನಕ್ಕೊಳಗಾಗಿ ದೇಶ ಬಿಟ್ಟ ಮನುಷ್ಯ ಮಾರ್ಕ್ಸ್ ಪಾಠ ಮಾಡುವಾಗ ಅದರ ತೂಕವೇ ಬೇರೆ.

ಇಗ್ನೋದಲ್ಲಿ ಮೊದಲ ವರ್ಷ ಸಿದ್ಧಾಂತ, ಸಂಶೋಧನಾ ವಿಧಾನ, ಅಭಿವೃದ್ಧಿ, ಭಾರತದ ಸಮಾಜಶಾಸ್ತ್ರ. ನಿಜ ಹೇಳಬೇಕು ಅಂದರೆ ವಿಧಾನದ ಪುಸ್ತಕ ಒಣ ರೊಟ್ಟಿ, ನೀರು ಕುಡಿದುಕೊಂಡೇ ನುಂಗಬೇಕು. ಎರಡನೇ ವರ್ಷ ಧರ್ಮದ ಸಮಾಜಶಾಸ್ತ್ರ ಅನ್ನೋ ಐಚ್ಛಿಕ ಪತ್ರಿಕೆ ಇದೆ. ನನಗೆ ಬೇಕಿದ್ದದ್ದು ಅಲ್ಲಿ ಸಿಕ್ಕಿತು. ದುರ್ಖೈಮ್ 1912ರಲ್ಲಿ, ಆಸ್ಟ್ರೇಲಿಯಾಕ್ಕೆ ಕಾಲಿಡದೆ, ಅಲ್ಲಿನ ಮೂಲನಿವಾಸಿಗಳ ಕುಲಚಿಹ್ನೆಗಳ ಬಗ್ಗೆ ಬರೆದ. ಒಂದೊಂದು ಕುಲಕ್ಕೂ ಒಂದು ಪ್ರಾಣಿ, ಇಲ್ಲ ಒಂದು ಗಿಡ. ಅದು ಆ ಕುಲಕ್ಕೆ ಪೂಜ್ಯ. ಅದನ್ನು ಪೂಜಿಸುವವರು ನಿಜವಾಗಿ ಪೂಜಿಸುವುದು ತಮ್ಮ ಒಗ್ಗಟ್ಟನ್ನೇ ಅಂತ ಅವನ ವಾದ. ಓದುತ್ತಾ ಓದುತ್ತಾ ನನಗೆ ಹೊಳೆದದ್ದು ನಮ್ಮ ಬೆಡಗು, ಅಂದರೆ ಗೋತ್ರದಂಥ ವಂಶದ ಗುರುತು. ಚಿತ್ರದುರ್ಗದ ಕಡೆ ಹುಡುಗಿ ನೋಡಲು ಹೋದರೆ ಮೊದಲು ಕೇಳೋದೇ ಅದನ್ನು. ಬೆಡಗು ಒಂದೇ ಆದರೆ ಅಣ್ಣ ತಂಗಿ ಲೆಕ್ಕ, ಮಾತು ಅಲ್ಲಿಗೇ ಮುಗಿಯಿತು. ಎಷ್ಟೋ ಬೆಡಗುಗಳ ಹೆಸರು ಗಿಡದ್ದು, ಪ್ರಾಣಿಯದ್ದು.

ಎರಡರ ವ್ಯತ್ಯಾಸ ಗೊತ್ತಾಗಬೇಕಾದರೆ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಹೋಗಿ. ತೇರು ಎಳೆಯುವ ಮುಂಚೆ ಮುಕ್ತಿ ಬಾವುಟ ಅನ್ನೋ ಪೂಜ್ಯ ಧ್ವಜದ ಹರಾಜು. ಲಕ್ಷಗಟ್ಟಲೆ ಕೂಗುತ್ತಾರೆ. ಸಮಾಜಶಾಸ್ತ್ರ ಓದಿದವನು ಕೂಗುವವರನ್ನು ನೋಡುತ್ತಾನೆ: ಯಾರು, ಯಾವ ಊರು, ಯಾವ ಪಕ್ಷ, ಪಕ್ಕದಲ್ಲಿ ನಿಂತವರು ಯಾರು, ಸೋತವನು ಏಕೆ ಸುಮ್ಮನಾದ. ಅಲ್ಲಿಂದ ಸ್ವಲ್ಪ ಸರಿದರೆ ಹರಕೆ ಹೊತ್ತವರು ಕೊಬ್ಬರಿ ಸುಡುತ್ತಿರುತ್ತಾರೆ. ಹೊಗೆಗೆ ಕಣ್ಣು ಉರಿಯುತ್ತಿದ್ದರೂ ಅಜ್ಜಿಯೊಬ್ಬರು ಬೆಂಕಿ ಬಿಟ್ಟು ಕದಲುತ್ತಿರಲಿಲ್ಲ. ಇಡೀ ಗಿಟುಕು ಸುಟ್ಟು ಕರಿ ಆಗುವವರೆಗೆ ನಿಂತಿದ್ದರು. ಆ ಅಜ್ಜಿಗೆ ಅದು ಏನು ಅನ್ನೋದನ್ನು ಅವರ ಜಾಗದಲ್ಲಿ ನಿಂತು ಕೇಳುವುದು ಧರ್ಮ ಅಧ್ಯಯನ. ಸಮಾಜಶಾಸ್ತ್ರದ ಪುಸ್ತಕದಲ್ಲಿ ಈ ಅಜ್ಜಿ ಬರುವುದು ಕಡಿಮೆ. ಬಂದರೂ ಗುಂಪಿನಲ್ಲಿ ಒಬ್ಬರಾಗಿ ಬರುತ್ತಾರೆ.

ಗುಂಪನ್ನೂ ಆಚರಣೆಯನ್ನೂ ಒಟ್ಟಿಗೆ ನೋಡಿದವರು ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸ್. ಕೊಡವರ ಆಚರಣೆಗಳನ್ನು ಹತ್ತಿರದಿಂದ ನೋಡಿ ಬರೆದ ಅವರ ಪುಸ್ತಕ ಬಂದದ್ದು 1952ರಲ್ಲಿ. ಕೆಳಗಿನ ಜಾತಿಯವರು ಮೇಲಿನವರ ಊಟ, ಆಚಾರ ಹಿಡಿದು ಮೇಲೇರಲು ನೋಡುವುದನ್ನು ಅವರು ಸಂಸ್ಕೃತೀಕರಣ ಅಂದರು. ಆದರೆ ಚಿತ್ರದುರ್ಗ ಸೀಮೆಯ ದನ ಸಾಕುವ ಸಮುದಾಯ ಮ್ಯಾಸಬೇಡರನ್ನು ನೋಡಿ. ಕೋಳಿ ಮುಟ್ಟುವುದಿಲ್ಲ, ಕುರಿ ತಿನ್ನುತ್ತಾರೆ, ದೇವರ ಎತ್ತು ಸಾಕುತ್ತಾರೆ. ಇದು ಯಾರನ್ನು ನೋಡಿ ಕಲಿತದ್ದು? ಅವರದೇ ಕಟ್ಟು ಅದು. ಇಲ್ಲಿ ನನಗೆ ಆ ಸೂತ್ರ ಅಷ್ಟಾಗಿ ಕೂರುವುದಿಲ್ಲ.

ನನ್ನ ಆಯ್ಕೆ ಕೇಳಿದರೆ, ದುಡ್ಡು ಕಟ್ಟುವುದು ಸಮಾಜಶಾಸ್ತ್ರಕ್ಕೆ. ನಮ್ಮ ಕಡೆ ದೇವರು ಪುಸ್ತಕಕ್ಕಿಂತ ಜಾತ್ರೆಯಲ್ಲಿ ಜಾಸ್ತಿ ಇದ್ದಾನೆ, ಜಾತ್ರೆ ಓದಲು ಅದೇ ವಾಸಿ. ಕೆಲಸದ ಲೆಕ್ಕವೂ ಹಾಗೇ ಹೇಳುತ್ತದೆ. ಕೆಸೆಟ್ (ಕಾಲೇಜು ಅಧ್ಯಾಪಕರಾಗಲು ರಾಜ್ಯದ ಅರ್ಹತಾ ಪರೀಕ್ಷೆ), ಪಿಯು ಉಪನ್ಯಾಸಕ ಹುದ್ದೆ, ಯುಪಿಎಸ್‌ಸಿ ಐಚ್ಛಿಕ ವಿಷಯ, ಎಲ್ಲದರಲ್ಲೂ ಸಮಾಜಶಾಸ್ತ್ರ ಇದೆ. ಯುಪಿಎಸ್‌ಸಿಯ ಸಮಾಜಶಾಸ್ತ್ರದ ಮೊದಲ ಪತ್ರಿಕೆಯಲ್ಲಿ ಧರ್ಮ ಮತ್ತು ಸಮಾಜ ಅಂತ ಒಂದು ಭಾಗವೇ ಇದೆ. ಧರ್ಮಗಳ ತುಲನಾತ್ಮಕ ಅಧ್ಯಯನಕ್ಕೆ ಯುಜಿಸಿ ನೆಟ್ ಅನ್ನೋ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಇದೆ ನಿಜ, ಪಾಸಾಗಿ ಎಲ್ಲಿ ಪಾಠ ಮಾಡೋದು ಅನ್ನೋದು ಆಮೇಲಿನ ಪ್ರಶ್ನೆ. ಧರ್ಮ ಅಧ್ಯಯನಕ್ಕೆ ಯೇಲ್ ವಿಡಿಯೊ ಸಾಕು. ಸರ್ಟಿಫಿಕೇಟ್ ಕೊಡಲ್ಲ, ಪರೀಕ್ಷೆಯ ಕಾಟವೂ ಇಲ್ಲ.

ಇಗ್ನೋ ಎಂ.ಎ.ಯಲ್ಲಿ ಅಸೈನ್‌ಮೆಂಟ್‌ಗೆ ಶೇ. 30, ಪರೀಕ್ಷೆಗೆ ಶೇ. 70. ಅಸೈನ್‌ಮೆಂಟ್ ಕೈಯಲ್ಲೇ ಬರೆಯಬೇಕು, ಕೆಲಸದಲ್ಲಿ ಇರುವವರು ಇದನ್ನು ಕೊನೆ ವಾರಕ್ಕೆ ಇಟ್ಟುಕೊಳ್ಳಬೇಡಿ. ಪುಸ್ತಕಗಳು ಇಗ್ನೋದ ಇಜ್ಞಾನಕೋಶ್ (eGyanKosh) ತಾಣದಲ್ಲಿ ಬಿಟ್ಟಿ ಸಿಗುತ್ತವೆ. ಸೇರುವ ಮುಂಚೆ ಧರ್ಮದ ಸಮಾಜಶಾಸ್ತ್ರದ ಒಂದು ಪಾಠ ಇಳಿಸಿಕೊಂಡು ಓದಿ ನೋಡಿ. ಇಂಗ್ಲಿಷ್ ಭಾರ ಅನ್ನಿಸಿದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೇ ಎಂ.ಎ. ಬರೆಯಬಹುದು.