ನೇಮಕಾತಿ ಪತ್ರಗಳನ್ನು ಪರಿಷ್ಕರಿಸಿಕೊಟ್ಟ ಸಲಹಾ ಕಚೇರಿ: ನಮ್ಮ ಅನುಭವ

ಹುಬ್ಬಳ್ಳಿಯಲ್ಲಿ ವಿದ್ಯುತ್ ಸಾಮಗ್ರಿಗಳ ಸಗಟು ವ್ಯಾಪಾರ ನಡೆಸುವ ನಮ್ಮ ಸಂಸ್ಥೆಯಲ್ಲಿ 38 ನೌಕರರಿದ್ದಾರೆ. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ, ಅವರೆಲ್ಲರ ನೇಮಕಾತಿ ಪತ್ರಗಳನ್ನು ಪರಿಷ್ಕರಿಸುವ ಕೆಲಸವನ್ನು ಊರಿನದೇ ಒಂದು ಕಾರ್ಮಿಕ ಕಾನೂನು ಸಲಹಾ ಕಚೇರಿಗೆ ಒಪ್ಪಿಸಿದೆವು.

ಸಂಹಿತೆಗಳಿಗಿಂತ ಮೊದಲೇ ನಮ್ಮನ್ನು ಎಚ್ಚರಿಸಿದ್ದು ಗೋದಾಮಿನ ಮೇಲ್ವಿಚಾರಕರ ಗೃಹಸಾಲದ ಅರ್ಜಿ. 2011ರಲ್ಲಿ ನಾವು ಕೊಟ್ಟ ಪತ್ರದಲ್ಲಿ ಅವರ ಹುದ್ದೆ ‘ಸಹಾಯಕ’, ಸಂಬಳ 6,500 ರೂಪಾಯಿ. ಬಡ್ತಿಯನ್ನು ಬಾಯಿಮಾತಿನಲ್ಲಿ ಹೇಳಿದ್ದೆವು, ಸಂಬಳವನ್ನು ವರ್ಷ ವರ್ಷ ಏರಿಸಿದ್ದೆವು. ಕಾಗದದ ಮೇಲೆ ಮಾತ್ರ ಒಂದಕ್ಷರವೂ ಬದಲಾಗಿರಲಿಲ್ಲ. ಬ್ಯಾಂಕಿನವರು ಆ ಪತ್ರವನ್ನೂ ಈಗಿನ ಸಂಬಳದ ಚೀಟಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಎರಡೂ ಒಬ್ಬರವೇ ಹೌದೇ ಎಂದು ಕೇಳಿದಾಗ ಅವರು ಪಟ್ಟ ಮುಜುಗರಕ್ಕೆ ನಾವೇ ಹೊಣೆ.

ಸಲಹೆಗಾರರು ಮೊದಲ ದಿನವೇ ಸಿದ್ಧ ನಮೂನೆಯೊಂದನ್ನು ತಂದಿಟ್ಟು ಹೆಸರು ತುಂಬಿಸಲಿಲ್ಲ. ಹಾಜರಿ ಪುಸ್ತಕ, ವೇತನ ವಹಿ ಮತ್ತು ಪ್ರತಿಯೊಬ್ಬರ ಕಡತವನ್ನು ನೋಡಿದ ಬಳಿಕ ನೌಕರರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ನಿತ್ಯ ಯಾವ ಕೆಲಸ ಮಾಡುತ್ತೀರಿ, ಯಾರಿಗೆ ಲೆಕ್ಕ ಒಪ್ಪಿಸುತ್ತೀರಿ ಎಂದು ಕೇಳಿ ಬರೆದುಕೊಂಡರು. ಹನ್ನೊಂದು ಮಂದಿಯ ಪದನಾಮಕ್ಕೂ ಕೆಲಸಕ್ಕೂ ಸಂಬಂಧವೇ ಇರಲಿಲ್ಲ. ಆರು ಮಂದಿಗೆ ಪತ್ರವನ್ನೇ ಕೊಟ್ಟಿರಲಿಲ್ಲ. ನೇಮಕವಾದ 30 ದಿನಗಳೊಳಗೆ ಲಿಖಿತ ಆದೇಶ ಕೊಡಬೇಕೆಂದು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವೇ ಹೇಳುತ್ತದೆಂಬುದು ಗೊತ್ತಿದ್ದೂ ನಾವು ಅಲಕ್ಷ್ಯ ಮಾಡಿದ್ದೆವು.

ಈ ಸೇವೆಯ ನಿಜವಾದ ಬೆಲೆ ತಿಳಿದದ್ದು ವೇತನದ ವಿಷಯದಲ್ಲಿ. ಆ ನಾಲ್ಕರಲ್ಲಿ ಒಂದಾದ ವೇತನ ಸಂಹಿತೆಯ ಪ್ರಕಾರ, ವೇತನದ ಲೆಕ್ಕದಿಂದ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಶೇ. 50ನ್ನು ಮೀರಿದರೆ ಮೀರಿದಷ್ಟು ಭಾಗವನ್ನು ವೇತನಕ್ಕೇ ಸೇರಿಸಬೇಕು. ನಮ್ಮಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಎರಡೂ ಸೇರಿ ಶೇ. 35ರಷ್ಟೇ ಇದ್ದುದರಿಂದ ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ವೇತನ ಮತ್ತು ಸೇವಾವಧಿಗೆ ತಕ್ಕಂತೆ ಸಲ್ಲುವ ಇಡುಗಂಟಿನ, ಲೆಕ್ಕವೇ ಬದಲಾಗುತ್ತಿತ್ತು. ಪ್ರತಿ ನೌಕರನ ಹಳೆಯ ಮತ್ತು ಹೊಸ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಎದುರುಬದುರಾಗಿ ಬರೆದುಕೊಟ್ಟದ್ದರಿಂದ, ನಮ್ಮ ಮೇಲೆ ಬೀಳುವ ಹೊರೆ ಎಷ್ಟೆಂಬುದು ಸಹಿ ಹಾಕುವ ಮೊದಲೇ ಸ್ಪಷ್ಟವಾಯಿತು. ನಿಗದಿತ ಅವಧಿಗೆಂದು ತೆಗೆದುಕೊಂಡ ಇಬ್ಬರು ಮಾರಾಟ ಪ್ರತಿನಿಧಿಗಳಿಗೆ ಐದು ವರ್ಷ ಕಾಯದೆ, ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಲ್ಲುತ್ತದೆಂಬುದನ್ನೂ ಅವರ ಪತ್ರಗಳಲ್ಲಿ ಸೇರಿಸಿದರು.

ಕೆಲಸ ಬಿಟ್ಟವರು ಎರಡು ವರ್ಷ ಬೇರೆ ಸಗಟು ವ್ಯಾಪಾರಿಯ ಬಳಿ ಸೇರಬಾರದೆಂಬ ಷರತ್ತು ಬೇಕೆಂದು ನಾನು ಪಟ್ಟು ಹಿಡಿದಿದ್ದೆ. 1872ರ ಕರಾರು ಅಧಿನಿಯಮದ 27ನೇ ಕಲಮಿನಡಿ ಅದು ನಿಲ್ಲುವುದಿಲ್ಲವೆಂದು ಅವರು ಖಚಿತವಾಗಿ ನಿರಾಕರಿಸಿದರು. ಹಣ ಕೊಡುವವರ ಮಾತಿಗೆ ತಲೆಯಾಡಿಸದ ಸಲಹೆಗಾರರು ಸಿಕ್ಕಿದ್ದು ನಮ್ಮ ಪುಣ್ಯವೆಂದೇ ಈಗ ಅನಿಸುತ್ತದೆ.

ಕೊರತೆ ಕಂಡದ್ದು ಕನ್ನಡ ಪ್ರತಿಯಲ್ಲಿ. ಇಂಗ್ಲಿಷ್ ಕರಡನ್ನು ಪದಕ್ಕೆ ಪದ ತಿರುಗಿಸಿದ್ದರಿಂದ ‘ಆಡಳಿತ ವರ್ಗದ ವಿವೇಚನಾಧಿಕಾರಕ್ಕೊಳಪಟ್ಟು ಮುಂದುವರಿಕೆ’ ಎಂಬಂಥ ಸಾಲುಗಳು ಉಳಿದುಬಿಟ್ಟಿದ್ದವು. ಲಾರಿಗೆ ಸರಕು ತುಂಬುವ ಹಿರಿಯರೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿ, “ಹಂಗಂದ್ರ ನನ್ನ ಯಾವಾಗ ಬೇಕಾದ್ರೂ ತೆಗೀಬಹುದೇನ್ರೀ ಸಾಹೇಬ್ರ?” ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವಾಗಿತ್ತು. ಪತ್ರಗಳನ್ನು ಹಿಂದಕ್ಕೆ ಕಳುಹಿಸಿ, ತಿಳಿಗನ್ನಡದಲ್ಲಿ ಮತ್ತೆ ಬರೆಸುವಷ್ಟರಲ್ಲಿ ಮೂರು ವಾರ ಕಳೆದವು. ಮೊದಲೇ ಒಪ್ಪಿದ್ದ ಗಡುವು ದಾಟಿತು. ಹೆಚ್ಚಿನ ಶುಲ್ಕವನ್ನಂತೂ ಕೇಳಲಿಲ್ಲ.

ಪತ್ರವೊಂದಕ್ಕೆ 600 ರೂಪಾಯಿ ತೆಗೆದುಕೊಂಡರು. ವಾರ್ಷಿಕ ಪರಿಶೀಲನೆಗೆ ಪ್ರತ್ಯೇಕ ಶುಲ್ಕವಿದೆ. ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಂದು ಬದಲಾಗುವುದರಿಂದ ಅದನ್ನೂ ಒಪ್ಪಿಕೊಂಡಿದ್ದೇವೆ. ಇವರ ಬಳಿ ಹೋಗುವವರು ಕನ್ನಡ ಪ್ರತಿಯ ಕರಡನ್ನು ಮೊದಲ ವಾರದಲ್ಲೇ ಕೇಳಿ ಪಡೆದು, ಅದನ್ನು ತಮ್ಮ ಗೋದಾಮಿನ ನೌಕರರೊಬ್ಬರಿಗೆ ಓದಲು ಕೊಡುವುದು ಒಳ್ಳೆಯದು. ನಮ್ಮ ಮೇಲ್ವಿಚಾರಕರು ಹೊಸ ಪತ್ರದೊಂದಿಗೆ ಮತ್ತೆ ಬ್ಯಾಂಕಿಗೆ ಹೋಗಿ ಬಂದಿದ್ದಾರೆ, ಸಾಲ ಮಂಜೂರಾಗಿದೆ.